ಗೋದಾಮು ಮತ್ತು ಪ್ಯಾಲೆಟ್: ಮಾಲು ಇಡುವ ಮೊದಲು ತಿಳಿದಿರಬೇಕಾದ ಸಂಗತಿಗಳು



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಗೋದಾಮಿನ ಶಾಸ್ತ್ರವನ್ನು ಪುಸ್ತಕದಿಂದ ಕಲಿತವರಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಹೊಟೇಲು ನಡೆಸುತ್ತಾ, ಕಳೆದುಕೊಂಡು ಕಲಿತದ್ದೇ ಹೆಚ್ಚು. ಈಚೆಗೆ ನಮ್ಮ ಕೆಲವು ಮಿತ್ರರು, ನಾಲ್ಕಾರು ಹೊಟೇಲಿನವರು ಸೇರಿ ಭಿವಂಡಿ ಕಡೆ ಒಂದು ಗಾಳಾ ಬಾಡಿಗೆಗೆ ಹಿಡಿದು, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಯನ್ನು ಒಟ್ಟಿಗೆ ಖರೀದಿಸಿ ಇಡುವ ಯೋಚನೆಯಲ್ಲಿದ್ದಾರೆ. ಯೋಚನೆ ಒಳ್ಳೆಯದೇ. ಹೊಟೇಲಿನ ಒಳಗೆ ಒಂದೊಂದು ಚದರಡಿಗೂ ಬಾಡಿಗೆ ಕೊಡುವ ನಮಗೆ ಮೂಟೆ ಇಡಲು ಜಾಗವೆಲ್ಲಿ? ಆದರೆ ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು ಎಂದು ಕೇಳುವವರೇ ಹೊರತು, ಮಾಲು ಯಾವುದರ ಮೇಲೆ ಕೂರುತ್ತದೆ, ಅದರ ಭಾರ ಯಾರು ಹೊರುತ್ತಾರೆ ಎಂದು ಕೇಳುವವರು ಕಡಿಮೆ. ಆ ವಿಷಯವಾಗಿ ನಮಗೆ ತಿಳಿದ ನಾಲ್ಕು ಮಾತು ಇಲ್ಲಿ ಬರೆಯುತ್ತಿದ್ದೇವೆ.

ನಾವು ಎರಡು ಸಲ ಕಲಿತ ಪಾಠ

ಮೊದಲನೆಯದು 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ಆಗ ನಮ್ಮ ಹೊಟೇಲು ಕುರ್ಲಾ ಕಡೆ ಇತ್ತು. ಹಿಂಬದಿಯ ಕೋಣೆಯಲ್ಲಿ ನಾಲ್ಕಿಂಚು ಎತ್ತರದ ಮರದ ಹಲಗೆಗಳ ಮೇಲೆ ದೋಸೆ ಅಕ್ಕಿ, ಉದ್ದು, ಸಕ್ಕರೆ, ಮೈದಾ ಇಟ್ಟಿದ್ದೆವು. ಮೀಠೀ ನದಿಯ ನೀರು ಎದೆ ಮಟ್ಟಕ್ಕೆ ಬಂದಾಗ ನಾಲ್ಕಿಂಚಿನ ಹಲಗೆ ಏನು ಮಾಡೀತು? ಮೂರನೆಯ ದಿನ ಬಾಗಿಲು ತೆರೆದಾಗ ಬಂದ ಹುಳಿ ನಾತ ಇಂದಿಗೂ ಮೂಗಿನಲ್ಲಿದೆ. ಒಂದು ಮೂಟೆಯೂ ಉಳಿಯಲಿಲ್ಲ.

ಎರಡನೆಯದು ಅದಾಗಿ ಕೆಲವು ವರ್ಷಗಳ ಮೇಲೆ. ನೀರಿನ ಭಯದಿಂದ ಎತ್ತರದ ಜಾಗದಲ್ಲಿ, ಕಬ್ಬಿಣದ ರ‍್ಯಾಕ್ ಇರುವ ಗೋದಾಮಿನಲ್ಲಿ ಸ್ವಲ್ಪ ಜಾಗ ಹಿಡಿದೆವು. ಸೆಕೆಂಡ್ ಹ್ಯಾಂಡ್ ಮರದ ಪ್ಯಾಲೆಟ್‌ಗಳನ್ನು ಅಗ್ಗಕ್ಕೆ ಸಿಕ್ಕವೆಂದು ಖರೀದಿಸಿದೆವು. ಒಂದು ಸಂಜೆ ಎರಡನೇ ಅಂತಸ್ತಿನಲ್ಲಿದ್ದ ಮೈದಾ ಪ್ಯಾಲೆಟ್ ಹಿಂದಿನ ತೊಲೆಯಿಂದ ಜಾರಿ, ಮೂಟೆಗಳು ದಾರಿಗೆ ಉರುಳಿದವು. ಕೆಳಗಿದ್ದ ನಮ್ಮ ಊರ ಕಡೆಯ ಹುಡುಗನ ಪಾದದ ಎಲುಬು ಮುರಿಯಿತು. ಮೂರು ತಿಂಗಳು ಅವನು ಮಲಗಿದ್ದ. ಇನ್ನು ಎರಡು ಹೆಜ್ಜೆ ಒಳಗಿದ್ದರೆ ಅವನ ತಾಯಿಗೆ ನಾವು ಏನೆಂದು ಮುಖ ತೋರಿಸುತ್ತಿದ್ದೆವು? ಆ ಪ್ಯಾಲೆಟನ್ನು ಅಡ್ಡ ತಿರುಗಿಸಿ ಇಟ್ಟಿದ್ದರು. ಅದರ ಅಡಿಹಲಗೆಯ ಮೊಳೆ ಮೊದಲೇ ಸಡಿಲವಾಗಿತ್ತು. ರ‍್ಯಾಕ್ ಎಷ್ಟು ಭಾರ ತಾಳುತ್ತದೆ ಎಂಬ ಬೋರ್ಡೂ ಅಲ್ಲಿರಲಿಲ್ಲ. ಗೋದಾಮಿನವರು ಹೇಳಲಿಲ್ಲ, ನಾವು ಕೇಳಲಿಲ್ಲ. ತಪ್ಪು ನಮ್ಮದೂ ಹೌದು.

ಪ್ಯಾಲೆಟ್ ಎಂದರೇನು?

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಊರಿನಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಇಡುತ್ತಿದ್ದರು. ಆ ಮುಡಿಯನ್ನು ಯಾರಾದರೂ ಬರಿ ನೆಲದ ಮೇಲೆ ಇಟ್ಟದ್ದುಂಟೇ? ಅಡಿಗೆ ಮರ ಹಾಕಿ ಅಥವಾ ಅಟ್ಟದ ಮೇಲೆ ಏರಿಸಿ ಇಡುತ್ತಿದ್ದರು. ನೆಲದ ತೇವ ಏರಬಾರದು, ಗಾಳಿ ಆಡಬೇಕು, ಇಲಿ ಬಂದರೆ ಕಣ್ಣಿಗೆ ಬೀಳಬೇಕು ಎಂಬುದೇ ಉದ್ದೇಶ. ಪ್ಯಾಲೆಟ್ ಎಂಬುದೂ ಅಂಥದೇ ಒಂದು ಮಣೆ. ಹೆಚ್ಚಿಗೆ ಇರುವುದು ಏನೆಂದರೆ, ಅದರ ಅಡಿಯಲ್ಲಿ ಕೈಗಾಡಿಯ ಅಥವಾ ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ನಾಲಿಗೆ ಹೋಗುವಷ್ಟು ಸಂದು ಇರುತ್ತದೆ. ಇಪ್ಪತ್ತು ಮೂಟೆಯನ್ನು ಒಮ್ಮೆಗೇ ಎತ್ತಬಹುದು.

ಅಳತೆ ಒಂದೇ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು 1200 ಮಿ.ಮೀ. ಉದ್ದ, 1000 ಮಿ.ಮೀ. ಅಗಲದ್ದು. ವಿದೇಶದ ಮಾಲಿನ ಜೊತೆ ಬಂದದ್ದು 1200ಕ್ಕೆ 800 ಇರುವುದೂ ಉಂಟು. ಎರಡನ್ನೂ ಪಕ್ಕದಲ್ಲಿಟ್ಟರೆ ಮೇಲ್ನೋಟಕ್ಕೆ ಒಂದೇ ರೀತಿ. ಆದರೆ ಒಂದಕ್ಕೆಂದು ಕಟ್ಟಿದ ರ‍್ಯಾಕಿನಲ್ಲಿ ಇನ್ನೊಂದನ್ನು ಇಟ್ಟರೆ ಅಪಾಯ. ಆದ್ದರಿಂದ ಕೊಳ್ಳುವಾಗ ಟೇಪು ಹಿಡಿದು ಅಳೆಯಿರಿ, ಎಲ್ಲವೂ ಒಂದೇ ಅಳತೆಯದ್ದಾಗಿರಲಿ.

ಯಾವ ಪ್ಯಾಲೆಟಿಗೆ ಯಾವ ಜಾಗ?

ಮರದ ಪ್ಯಾಲೆಟ್: ಬೆಲೆ ಕಡಿಮೆ, ಒಂದು ಹಲಗೆ ಮುರಿದರೆ ಬಡಗಿಯೇ ಸರಿಮಾಡಬಲ್ಲ, ಮೂಟೆ ಜಾರುವುದಿಲ್ಲ. ಆದರೆ ಮರ ನೀರು ಹೀರುತ್ತದೆ. ಮಳೆಗಾಲದಲ್ಲಿ ಬೂಸ್ಟು, ಗೆದ್ದಲು, ಮರ ಕೊರೆಯುವ ಹುಳದ ಕಾಟ. ಎದ್ದ ಮೊಳೆಗೆ ಮೂಟೆ ಹರಿದು ಅಕ್ಕಿ ಸುರಿಯುತ್ತದೆ. ಆದ್ದರಿಂದ ಇದಕ್ಕೆ ಒಣ ನೆಲ, ಸೋರದ ಮಾಡು, ಗಾಳಿ ಬೇಕು. ತರಕಾರಿ ತೊಳೆಯುವಲ್ಲಿ, ಕೋಲ್ಡ್ ರೂಮಿನಲ್ಲಿ ಮರ ಬೇಡ. ಹಳೆಯದನ್ನು ಕೊಳ್ಳುವುದಾದರೆ ಅದರ ಪಕ್ಕದಲ್ಲಿರುವ ಮುದ್ರೆ ನೋಡಿ. ವಿದೇಶ ವ್ಯಾಪಾರದಲ್ಲಿ ಬಳಸುವ ಮರಕ್ಕೆ ತೆನೆಯ ಚಿತ್ರದ ಮುದ್ರೆ ಹಾಕುತ್ತಾರೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯುವಂತೆ ಬಿಸಿ ಮಾಡಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು. ತಿನ್ನುವ ವಸ್ತು ಇಡುವ ನಾವು ‘ಎಚ್‌ಟಿ’ ಇದ್ದದ್ದನ್ನೇ ಆರಿಸಬೇಕು. ಎಣ್ಣೆ ಕಲೆ, ಬಣ್ಣ, ಔಷಧಿ ವಾಸನೆ ಇರುವ ಪ್ಯಾಲೆಟ್ ಬಿಟ್ಟಿಗೆ ಕೊಟ್ಟರೂ ಬೇಡ. ಮೊದಲು ಅದರ ಮೇಲೆ ಏನಿತ್ತೋ ಯಾರು ಬಲ್ಲರು?

ಪ್ಲಾಸ್ಟಿಕ್ ಪ್ಯಾಲೆಟ್: ತೊಳೆಯಬಹುದು, ಮೊಳೆ ಇಲ್ಲ, ಗೆದ್ದಲು ಇಲ್ಲ, ತೇವ ಹೀರದು. ಹಾಲು, ಬೆಣ್ಣೆ, ತರಕಾರಿ, ಕೋಲ್ಡ್ ರೂಮಿಗೆ ಇದೇ ಸರಿ. ಆದರೆ ಇದರಲ್ಲೂ ಜಾತಿಗಳಿವೆ. ಒಂಬತ್ತು ಕಾಲಿನದು, ಖಾಲಿ ಇದ್ದಾಗ ಒಂದರೊಳಗೊಂದು ಕೂರುವಂಥದು ಅಗ್ಗ. ಅದು ನೆಲದ ಮೇಲೆ ಇಡುವುದಕ್ಕೆ ಮಾತ್ರ. ಅದನ್ನು ರ‍್ಯಾಕಿಗೆ ಏರಿಸಬಾರದು, ತುಂಬಿದ ಮಾಲಿನ ಮೇಲೆ ಪೇರಿಸಲೂ ಬಾರದು. ರ‍್ಯಾಕಿಗೆ ಬೇಕಾದದ್ದು ಅಡಿಪಟ್ಟಿ ಇರುವ, ಒಳಗೆ ಉಕ್ಕಿನ ಸರಳು ಹಾಕಿದ ಜಾತಿ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿಟ್ಟರೆ ಪ್ಲಾಸ್ಟಿಕ್ ಒರಟಾಗಿ ಬಿರುಕು ಬಿಡುತ್ತದೆ. ನೀರು ಬಿದ್ದರೆ ಮೂಟೆ, ಡಬ್ಬ ಜಾರುತ್ತದೆ. ಬೆಂಕಿ ಹಿಡಿದರೆ ಕರಗಿ ಹರಿಯುತ್ತಾ ಮರಕ್ಕಿಂತ ಹೆಚ್ಚು ಕಾವಿನಲ್ಲಿ ಉರಿಯುತ್ತದೆ.

ಕಬ್ಬಿಣದ ಪ್ಯಾಲೆಟ್: ಭಾರದ ಮಾಲಿಗೆ, ಎಣ್ಣೆ ಡ್ರಮ್ಮಿಗೆ, ರ‍್ಯಾಕಿನ ಮೇಲಿನ ಅಂತಸ್ತಿಗೆ ಗಟ್ಟಿ. ಇಲಿ, ಹುಳ ಏನೂ ಮಾಡಲಾರವು. ಆದರೆ ಅದರ ಸ್ವಂತ ತೂಕವೇ ಹೆಚ್ಚು, ಅದನ್ನೂ ರ‍್ಯಾಕಿನ ಲೆಕ್ಕದಲ್ಲಿ ಹಿಡಿಯಬೇಕು. ಸಮುದ್ರದ ಗಾಳಿಯ ಊರಿನಲ್ಲಿ ಸತುವಿನ ಲೇಪ ಇಲ್ಲದಿದ್ದರೆ ಬೇಗ ತುಕ್ಕು. ಉಪ್ಪಿನ ಮೂಟೆಯನ್ನು ಇದರ ಮೇಲೆ ಇಡಬೇಡಿ.

ಒತ್ತಿದ ಮರದ ಪುಡಿಯದು: ಹಗುರ, ಅಗ್ಗ, ಒಂದು ಸಲದ ಸಾಗಾಟಕ್ಕೆ ಮಾಡಿದ್ದು. ನೀರು ತಾಗಿದರೆ ಉಬ್ಬಿ ಬಿಡುತ್ತದೆ. ಮಾಲು ಬಂದ ಮೇಲೆ ಇಳಿಸಿ ತೆಗೆದುಬಿಡಿ, ದಾಸ್ತಾನಿಗೆ ಬಳಸಬೇಡಿ.

ಒಂದು ಪ್ಯಾಲೆಟಿಗೆ ಮೂರು ತೂಕ

ಇದು ಬಹಳ ಮುಖ್ಯ. ಅಂಗಡಿಯವನು ‘ಸೇಠ್, ನಾಲ್ಕು ಟನ್ ತಾಳುತ್ತದೆ’ ಎಂದರೆ ನಂಬಿ ತರುತ್ತೇವೆ. ಯಾವಾಗ ನಾಲ್ಕು ಟನ್ ಎಂದು ಕೇಳಬೇಕು. ಸಮ ನೆಲದ ಮೇಲೆ ಸುಮ್ಮನೆ ಇದ್ದಾಗ ಒಂದು ತೂಕ. ಫೋರ್ಕಿನಲ್ಲಿ ಎತ್ತಿ ಸಾಗಿಸುವಾಗ ಅದಕ್ಕಿಂತ ಕಡಿಮೆ. ರ‍್ಯಾಕಿನಲ್ಲಿ ಹಿಂದೆ ಒಂದು, ಮುಂದೆ ಒಂದು ತೊಲೆಯ ಮೇಲೆ ಮಾತ್ರ ಕೂತು ನಡುವೆ ಆಸರೆ ಇಲ್ಲದಾಗ ಇನ್ನೂ ಕಡಿಮೆ. ನೆಲದಲ್ಲಿ 4000 ಕಿಲೋ ಹೊರುವ ಪ್ಲಾಸ್ಟಿಕ್ ಪ್ಯಾಲೆಟ್ ಎತ್ತುವಾಗ 1000, ರ‍್ಯಾಕಿನಲ್ಲಿ ಬರೇ 500 ಕಿಲೋ ಹೊರುವಂಥದ್ದಾಗಿರಬಹುದು. ಮೂರೂ ಅಂಕೆಯನ್ನು ಬರೆದು ಕೊಡದವನ ಹತ್ತಿರ ರ‍್ಯಾಕಿಗೆಂದು ಪ್ಯಾಲೆಟ್ ಕೊಳ್ಳಬೇಡಿ.

ಈಗ ನಮ್ಮ ಮಾಲಿನ ಲೆಕ್ಕ ಹಾಕೋಣ. 50 ಕಿಲೋದ ಅಕ್ಕಿ ಮೂಟೆ 20 ಇಟ್ಟರೆ 1000 ಕಿಲೋ. 15 ಕಿಲೋದ ಎಣ್ಣೆ ಡಬ್ಬ 1200ಕ್ಕೆ 1000ದ ಪ್ಯಾಲೆಟಿನಲ್ಲಿ ಒಂದು ಸಾಲಿಗೆ 20 ಕೂರುತ್ತವೆ. ಮೂರು ಸಾಲು ಎಂದರೆ 60 ಡಬ್ಬ, ಎಣ್ಣೆಯೇ 900 ಕಿಲೋ, ತಗಡು ಸೇರಿ ಇನ್ನೂ ಹೆಚ್ಚು. ಅಂದರೆ ನಮ್ಮ ಸಾಮಾನ್ಯ ಪ್ಯಾಲೆಟ್ ಒಂದು ಟನ್ನಿನ ಸಮೀಪ ಇದ್ದೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಇಲ್ಲಿಗೂ ಸಲ್ಲುತ್ತದೆ.

ಮಾಲು ಪೇರಿಸುವ ವಿಧಾನ

ನೆಲದ ಮೇಲೆ ಪೇರಿಸುವುದು: ರ‍್ಯಾಕ್ ಬೇಡ, ಖರ್ಚಿಲ್ಲ. ಆದರೆ ಹೊಸ ಮಾಲು ಮುಂದೆ, ಹಳೆಯದು ಹಿಂದೆ ಉಳಿದುಬಿಡುತ್ತದೆ. ಮೂಟೆಯ ಪ್ಯಾಲೆಟ್ ಮೇಲೆ ಇನ್ನೊಂದು ಪ್ಯಾಲೆಟ್ ಇಟ್ಟರೆ ಅಡಿಯ ಮೂಟೆ ಅದುಮಿ ರಾಶಿ ವಾಲುತ್ತದೆ. ಮೂಟೆಗಳನ್ನು ಗೋಡೆಯ ಇಟ್ಟಿಗೆಯಂತೆ ಒಂದು ಸಾಲು ಉದ್ದ, ಮೇಲಿನ ಸಾಲು ಅಡ್ಡ ಇಟ್ಟು ಬಿಗಿಮಾಡಿ. ಪ್ಯಾಲೆಟಿನ ಅಂಚಿನಿಂದ ಹೊರಗೆ ಚಾಚಬಾರದು.

ಸಾಮಾನ್ಯ ರ‍್ಯಾಕ್: ಪ್ರತಿಯೊಂದು ಪ್ಯಾಲೆಟನ್ನೂ ಬೇರೆ ಬೇರೆಯಾಗಿ ತೆಗೆಯಬಹುದು. ಹತ್ತು ಬಗೆಯ ಮಾಲು ಇರುವ ಹೊಟೇಲಿನವರಿಗೆ ಇದೇ ಅನುಕೂಲ. 1200ಕ್ಕೆ 1000ದ ಪ್ಯಾಲೆಟಿಗೆ ಹೆಚ್ಚಾಗಿ 1000 ಮಿ.ಮೀ. ಆಳದ ರ‍್ಯಾಕ್ ಕಟ್ಟುತ್ತಾರೆ. 1200ರ ಉದ್ದ ಒಳಮುಖವಾಗಿ ಇಟ್ಟರೆ ಹಿಂದೆ ಮುಂದೆ 100 ಮಿ.ಮೀ. ಚಾಚಿ ಭದ್ರವಾಗಿ ಕೂರುತ್ತದೆ. ಅದನ್ನೇ ಅಡ್ಡ ತಿರುಗಿಸಿದರೆ 1000ಕ್ಕೆ 1000, ತೊಲೆಯ ಅಂಚಿನಲ್ಲಿ ಮಾತ್ರ ಆಸರೆ. ನಾಲ್ಕೂ ಕಡೆಯಿಂದ ಫೋರ್ಕ್ ಹೋಗುವ ಪ್ಯಾಲೆಟಿನಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ, ಯಾಕೆಂದರೆ ಯಾವ ಕಡೆಯಿಂದಲೂ ಎತ್ತಬಹುದಲ್ಲ. ನಮ್ಮ ಹುಡುಗನ ಕಾಲು ಮುರಿದದ್ದು ಇದರಿಂದಲೇ. ಅಡಿಹಲಗೆಗಳು ಮುಂದಿನ ತೊಲೆಯಿಂದ ಹಿಂದಿನ ತೊಲೆಗೆ ಹೋಗಬೇಕು, ತೊಲೆಯ ಉದ್ದಕ್ಕೇ ಮಲಗಬಾರದು. ಈಗ ನಾವು ಪ್ರತಿ ಪ್ಯಾಲೆಟಿನ ಎದುರುಮುಖಕ್ಕೆ ಹಳದಿ ಬಣ್ಣ ಹೊಡೆದಿದ್ದೇವೆ. ಹಳದಿ ಎದುರು ಕಾಣದಿದ್ದರೆ ಇಟ್ಟದ್ದು ತಪ್ಪು ಎಂದು ಅಕ್ಷರ ಬಾರದವನೂ ತಿಳಿಯುತ್ತಾನೆ.

ಒಳಗೆ ಗಾಡಿ ನುಗ್ಗಿಸುವ ಆಳದ ರ‍್ಯಾಕ್: ಜಾಗ ಉಳಿಯುತ್ತದೆ ಎಂದು ದಲಾಲರು ಹೊಗಳುತ್ತಾರೆ. ಇದರಲ್ಲಿ ಪ್ಯಾಲೆಟ್ ಎರಡು ಅಂಚಿನ ಪಟ್ಟಿಗಳ ಮೇಲೆ ಮಾತ್ರ ಕೂರುತ್ತದೆ, ಬಲಹೀನ ಪ್ಯಾಲೆಟ್ ನಡುವೆ ಬಾಗುತ್ತದೆ. ಅದಕ್ಕಿಂತ ಮುಖ್ಯ, ಕೊನೆಗೆ ಇಟ್ಟದ್ದೇ ಮೊದಲು ಹೊರಗೆ ಬರುತ್ತದೆ. ತಾರೀಕು ಮುಗಿಯುವ ತಿಂಡಿ ಮಾಲಿಗೆ ಇದು ಹೊಂದುವುದಿಲ್ಲ.

ಕೈಗಾಡಿಯ ವಿಷಯವಾಗಿ ಒಂದು ಮಾತು. ಅದರ ಮುಂದಿನ ಸಣ್ಣ ಗಾಲಿ ಅಡಿಹಲಗೆಯ ಮೇಲೆ ಹತ್ತಿ ನಿಂತಿರುವಾಗ ಪಂಪು ಹೊಡೆದರೆ ಹಲಗೆ ಮೊಳೆ ಸಮೇತ ಕಿತ್ತುಬರುತ್ತದೆ. ಮರದ ಪ್ಯಾಲೆಟ್ ಹಾಳಾಗುವುದು ಮಾಲಿನ ಭಾರದಿಂದ ಮಾತ್ರವಲ್ಲ, ಹೀಗೂ. ಹುಡುಗರಿಗೆ ಒಮ್ಮೆ ಕೂತು ತೋರಿಸಿಕೊಡಿ.

ಮೇಲಂತಸ್ತಿನ ಕೋಣೆ ಗೋದಾಮಲ್ಲ

ನಮ್ಮಲ್ಲಿ ಅನೇಕರು ಹುಡುಗರು ಮಲಗುವ ಮೇಲಿನ ರೂಮಿನಲ್ಲೇ ಮೂಟೆ ಪೇರಿಸುತ್ತಾರೆ. ಒಂದು ಟನ್ನಿನ ಪ್ಯಾಲೆಟ್ 1.2 ಚದರ ಮೀಟರ್ ಜಾಗದಲ್ಲಿ ಕೂರುತ್ತದೆ. ಚದರ ಮೀಟರಿಗೆ 830 ಕಿಲೋ ಬಿತ್ತು. ವಾಸದ ಕೋಣೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ನಾಲ್ಕು ಪಟ್ಟು ವ್ಯತ್ಯಾಸ! ಹಳೆಯ ಬಿಲ್ಡಿಂಗು, ಸೋರುವ ಗೋಡೆ ಎಂದರೆ ಹೇಳುವುದೇ ಬೇಡ. ಗಾಳಾ ಕೂಡ ಮೇಲಂತಸ್ತಿನಲ್ಲಿದ್ದರೆ ನೆಲದ ತಾಕತ್ತು ಎಷ್ಟೆಂದು ಇಂಜಿನಿಯರರ ಕಾಗದ ಕೇಳಿ.

ಮಳೆ, ಹುಳ ಮತ್ತು ಔಷಧಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ. ಮಾಲು ನೆಲದಿಂದ ಕನಿಷ್ಠ ಆರು ಇಂಚು ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ. ಆ ಸಂದಿಯಲ್ಲಿ ಒಬ್ಬ ಮನುಷ್ಯ ಟಾರ್ಚು ಹಿಡಿದು ನಡೆಯುವಂತಿದ್ದರೆ ಇಲಿಗೆ ಮನೆ ಮಾಡಲು ಧೈರ್ಯ ಬಾರದು. ನೀರು ಏರುವ ಜಾಗವಾದರೆ ಅಕ್ಕಿ, ಸಕ್ಕರೆ, ಹಿಟ್ಟು ಮೇಲಿನ ಅಂತಸ್ತಿಗೆ, ಎಣ್ಣೆ ಡಬ್ಬ ಕೆಳಗೆ ಎನ್ನಬೇಡಿ, ಆ ಜಾಗವನ್ನೇ ಬಿಡಿ. ಮೇಲೆ ಭಾರ, ಕೆಳಗೆ ಹಗುರ ಇಟ್ಟ ರ‍್ಯಾಕ್ ಕ್ಷೇಮವಲ್ಲ. 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಅಕ್ಕಿ ಏನಾಯಿತೆಂದು ನಮ್ಮೆಲ್ಲರಿಗೂ ಗೊತ್ತು. ವಾರಕ್ಕೊಮ್ಮೆ ಒಬ್ಬರು ಹೋಗಿ ನೋಡದ ಗೋದಾಮು ಗೋದಾಮಲ್ಲ.

ಹುಳಕ್ಕೆ ಗುಳಿಗೆ ಇಡುವ ವಿಷಯದಲ್ಲಿ ಕೈ ಮುಗಿದು ಹೇಳುತ್ತೇವೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಹುಳವನ್ನು ಮಾತ್ರ ಕೊಲ್ಲುವುದಿಲ್ಲ. ಮೂಟೆಯ ಪಕ್ಕದಲ್ಲಿ ಹುಡುಗರು ಮಲಗಿರುವ ಕಡೆ, ಪಕ್ಕದ ಮನೆಗೆ ಗಾಳಿ ಹೋಗುವ ಕಡೆ ಅದನ್ನು ಇಡಲೇಬಾರದು. ತರಬೇತಾದ ಪೆಸ್ಟ್ ಕಂಟ್ರೋಲಿನವರೇ ಮಾಡಲಿ. ಅವರು ಬಾಗಿಲು ತೆರೆದು ಗಾಳಿ ಆಡಿಸಿ ಸರಿ ಎಂದ ಮೇಲೆ ಮಾತ್ರ ಒಳಗೆ ಹೋಗಿ.

ಬೆಂಕಿಯ ಭಯ

ಖಾಲಿ ಪ್ಯಾಲೆಟ್ ತುಂಬಿದ್ದಕ್ಕಿಂತ ಹೆಚ್ಚು ಅಪಾಯ. ಒಣಮರ, ನಡುವೆ ಗಾಳಿಯ ಸಂದು, ಒಲೆಯಲ್ಲಿ ಸೌದೆ ಜೋಡಿಸಿದಂತೆಯೇ. ಅವನ್ನು ಬಾಗಿಲ ಬಳಿ, ಮೀಟರ್ ಬಾಕ್ಸಿನ ಅಡಿಯಲ್ಲಿ ಇಡಬೇಡಿ. ಸಾಧ್ಯವಾದರೆ ಹೊರಗೆ, ಗೋಡೆಯಿಂದ ದೂರ, ಆರು ಅಡಿಗಿಂತ ಎತ್ತರ ಮಾಡದೆ, ಮಲಗಿಸಿ ಇಡಿ. ಗೋಡೆಗೆ ನಿಲ್ಲಿಸಿದ ಪ್ಯಾಲೆಟ್ ಯಾರ ಕಾಲ ಮೇಲಾದರೂ ಬೀಳುತ್ತದೆ. ಮೇಲೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ಮಾಲಿಗೂ ಅದಕ್ಕೂ ಒಂದೂವರೆ ಅಡಿ ಅಂತರ ಬಿಡಿ. ಗ್ಯಾಸ್ ಸಿಲಿಂಡರನ್ನು ಗೋದಾಮಿನೊಳಗೆ ಪ್ಯಾಲೆಟಿನಲ್ಲಿ ಇಡುವುದು ಬೇಡವೇ ಬೇಡ. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಕಾದು ಕೂತಿರುತ್ತದೆ. ಫಿನಾಯಿಲ್, ಆಸಿಡ್, ಸೋಪಿನ ಪುಡಿಗೂ ಬೇರೆ ಮೂಲೆ, ಬೇರೆ ಪ್ಯಾಲೆಟ್.

ಕರಾರಿಗೆ ಸಹಿ ಮಾಡುವ ಮೊದಲು

ಗಾಳಾ ನೋಡಲು ಹೋದಾಗ ಈ ಕೆಳಗಿನ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

1. ಗೋದಾಮಿನ ನೆಲ ರಸ್ತೆಗಿಂತ ಎತ್ತರವೇ? ಗೋಡೆಯಲ್ಲಿ ಹಳೆಯ ನೀರಿನ ಗೆರೆ ಇದೆಯೇ? ಪಕ್ಕದ ಚಹಾದವನನ್ನು ಕೇಳಿ, ಅವನು ಸುಳ್ಳು ಹೇಳುವುದಿಲ್ಲ.

2. ರ‍್ಯಾಕಿನಲ್ಲಿ ಪ್ರತಿ ಅಂತಸ್ತಿಗೆ ಎಷ್ಟು ಭಾರ ಎಂಬ ಬೋರ್ಡು ಇದೆಯೇ? ಒಂದು ಜೊತೆ ತೊಲೆಯ ಮೇಲೆ ಎರಡು ಪ್ಯಾಲೆಟ್ ಕೂರುವುದಾದರೆ ಎರಡು ಟನ್ ತಾಳಬೇಕು.

3. ಕಂಬಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆಯೇ? ತೊಲೆ ಕಳಚದಂತೆ ಪಿನ್ನು ಇದೆಯೇ? ಗಾಡಿ ಗುದ್ದಿ ಬಾಗಿದ ಕಂಬ ಇದೆಯೇ? ಬಾಗಿದ ಕಂಬವನ್ನು ಸುತ್ತಿಗೆಯಲ್ಲಿ ಸರಿಮಾಡಿದ್ದರೆ ಒಪ್ಪಬೇಡಿ, ಬದಲಿಸಬೇಕು.

4. ರ‍್ಯಾಕಿನ ಆಳಕ್ಕೆ ನಮ್ಮ ಪ್ಯಾಲೆಟಿನ ಅಳತೆ ಹೊಂದುತ್ತದೆಯೇ?

5. ಪಕ್ಕದ ಗಾಳಾದಲ್ಲಿ ಏನಿದೆ? ಕೆಮಿಕಲ್, ಪೇಂಟು, ರಸಗೊಬ್ಬರ ಇದ್ದರೆ ನಮ್ಮ ಅಕ್ಕಿಗೆ ಅಲ್ಲಿ ಜಾಗವಿಲ್ಲ.

6. ಆಹಾರ ಮಾಲು ಇಡಲು ಎಫ್‌ಎಸ್‌ಎಸ್‌ಎಐ ಪರವಾನಗಿ ಆ ವಿಳಾಸಕ್ಕೆ ಇದೆಯೇ? 2006ರ ಆಹಾರ ಸುರಕ್ಷತಾ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ ಹೊಟೇಲಿನ ಲೈಸೆನ್ಸು ಇನ್ನೊಂದು ವಿಳಾಸದ ಗೋದಾಮಿಗೆ ಸಲ್ಲದು.

7. ನಮ್ಮ ವಿಮಾ ಪಾಲಿಸಿಯಲ್ಲಿ ಗೋದಾಮಿನ ವಿಳಾಸ, ಮಾಲಿನ ಬೆಲೆ, ನೆರೆಯ ನಷ್ಟ ಈ ಮೂರೂ ಬರೆದಿವೆಯೇ? 2005ರಲ್ಲಿ ನಮ್ಮದರಲ್ಲಿ ಬರೆದಿರಲಿಲ್ಲ.

8. ರ‍್ಯಾಕ್ ಕುಸಿದರೆ, ಮಾಡು ಸೋರಿದರೆ ಹೊಣೆ ಯಾರದು? ಬಾಯಿಮಾತು ಬೇಡ, ಕರಾರಿನಲ್ಲಿ ಬರಲಿ.

ಕೊನೆಯದಾಗಿ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಹಾಗೆ ಎರಡು ಸಲ ಮಾಡಿದವರು. ಅಕ್ಕಿ ಹೋದರೆ ಮತ್ತೆ ತರಬಹುದು, ಆರು ತಿಂಗಳು ಕಷ್ಟಪಟ್ಟರೆ ಸಾಲ ತೀರುತ್ತದೆ. ಆದರೆ ಊರಿನಿಂದ ತಂದೆತಾಯಿ ನಮ್ಮನ್ನು ನಂಬಿ ಕಳಿಸಿದ ಹುಡುಗನ ಕೈಕಾಲು ಹೋದರೆ ಯಾವ ಮಾರ್ಕೆಟಿನಿಂದ ತರುವುದು? ಕಾಲು ಮುರಿದ ಆ ಹುಡುಗ ಇಂದು ನಮ್ಮ ಗೋದಾಮಿನ ಲೆಕ್ಕ ನೋಡಿಕೊಳ್ಳುತ್ತಾನೆ. ಪ್ರತಿ ಪ್ಯಾಲೆಟನ್ನು ಕವುಚಿ, ಅಡಿಹಲಗೆ ತಟ್ಟಿ ನೋಡಿಯೇ ಒಳಗೆ ಬಿಡುತ್ತಾನೆ. ನಾವು ಅವಸರ ಮಾಡಿದರೆ ನಮ್ಮನ್ನೇ ಗದರಿಸುತ್ತಾನೆ. ನಾವು ಸುಮ್ಮನಿರುತ್ತೇವೆ, ಗದರಿಸುವ ಹಕ್ಕು ಅವನಿಗಿದೆ.

ಕೂಡಿ ಗೋದಾಮು ಹಿಡಿಯುವ ಮಿತ್ರರು ಹೊರಡುವಾಗ ಒಂದು ಟೇಪು, ಒಂದು ಟಾರ್ಚು ಹಿಡಿದುಕೊಂಡು ಹೋಗಿ. ಬೇಕಾದರೆ ನಮ್ಮನ್ನೂ ಕರೆಯಿರಿ, ಖಂಡಿತ ಬರುತ್ತೇವೆ. ಎಲ್ಲರ ಉದ್ಯಮವೂ ಏಳಿಗೆಯಾಗಲಿ.